ಕೊಬ್ಬರಿ ಅಟ್ಟಕ್ಕೆ ಹಳೇ ಗರ್ಡರ್ ತಂದೆ: ಪೀಣ್ಯದ ಒಂದು ಗುಜರಿ ಯಾರ್ಡಿನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಯಾಕೆ ಕಳೆದೆ ಅನ್ನೋದು ಮುಂದೆ ಬರುತ್ತೆ. ಯಾರ್ಡಿನ ಹೆಸರು ಬರೆಯುತ್ತಿಲ್ಲ. ಅಲ್ಲಿ ಬೋರ್ಡೇ ಇಲ್ಲ, ಮೇಲಾಗಿ ಮಾಲೀಕರೇ "ಹೆಸರು ಗಿಸರು ಹಾಕ್ಬೇಡಿ ಸಾರ್, ಆಮೇಲೆ ಮೂರು ಅಡಿ ಆಂಗಲ್ ಕೇಳ್ಕೊಂಡು ಇನ್ನೂರು ಜನ ಫೋನ್ ಮಾಡ್ತಾರೆ" ಅಂದರು. ಪೀಣ್ಯದ ಹಿಂಭಾಗದಲ್ಲಿದೆ ಅಂದುಕೊಳ್ಳಿ. ತಗಡಿನ ಗೇಟು, ಒಳಗೆ ಒಂದು ಬೇವಿನ ಮರ, ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ, ಆಮೇಲೆ ಕಣ್ಣು ಹೋದಷ್ಟು ದೂರ ಕಬ್ಬಿಣ.

ನಮ್ಮದು ತಿಪಟೂರು ಕಡೆ. ತೋಟದಲ್ಲಿ ಕೊಬ್ಬರಿ ಮನೆ ಇದೆ. ಅದರ ಅಟ್ಟ ತಾತನ ಕಾಲದ್ದು, ತೆಂಗಿನ ಮರದ ತೊಲೆಗಳ ಮೇಲೆ ನಿಂತಿತ್ತು. ಎರಡು ವರ್ಷದ ಹಿಂದೆ ಒಂದು ತೊಲೆಗೆ ಗೆದ್ದಲು ಹತ್ತಿ ನಡುವೆಯೇ ಬಾಗಿತು. ಕೆಳಗೆ ಯಾರೂ ಇರಲಿಲ್ಲ, ಪುಣ್ಯ.

ತಿಪಟೂರಿನ ಉಂಡೆ ಕೊಬ್ಬರಿ ಹೇಗಾಗುತ್ತೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು, ಯಾಕೆಂದರೆ ಇಡೀ ಲೆಕ್ಕ ನಿಂತಿರೋದು ಇದರ ಮೇಲೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಸುರಿದು ಹೆಚ್ಚು ಕಡಿಮೆ ಒಂದು ವರ್ಷ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗುತ್ತೆ, ಕೊಬ್ಬರಿ ಚಿಪ್ಪು ಬಿಡುತ್ತೆ, ಕಾಯಿ ಎತ್ತಿ ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತೆ. ಕೆಳಗಿಂದ ಗಾಳಿ ಆಡಲೇಬೇಕು, ಹಾಗಾಗಿ ಅಟ್ಟಕ್ಕೆ ಕಾಂಕ್ರೀಟ್ ಹಾಕೋ ಹಾಗಿಲ್ಲ, ಸಂದಿ ಬಿಟ್ಟು ಅಡಿಕೆ ದಬ್ಬೆ ಹಾಸಬೇಕು. ಭಾರವೋ, ಕೇಳಬೇಡಿ. ಒಂದೊಂದು ಹಸಿ ಕಾಯಿ ಒಂದೂಕಾಲು ಕೆಜಿ ತೂಗುತ್ತೆ. ನಮ್ಮ ಅಟ್ಟಕ್ಕೆ 20 ಸಾವಿರ ಕಾಯಿ. ಅಂದರೆ 25 ಟನ್ ತಲೆಯ ಮೇಲೆ. ಸುಮ್ನೆ ಯಾವುದೋ ಪೈಪು ತಂದು ಅಡ್ಡ ಇಡೋ ಕೆಲಸ ಅಲ್ಲ ಇದು.

ಭಾವಮೈದ ತುಮಕೂರಿನಲ್ಲಿ ಸಿವಿಲ್ ಇಂಜಿನಿಯರ್. ಅವನೇ ಲೆಕ್ಕ ಹಾಕಿ ಕೊಟ್ಟ. ಕಟ್ಟಡದ ಒಳಗಿನ ಅಗಲ 20 ಅಡಿ, ಉದ್ದ 40. ಎಂಟು ಅಡಿಗೊಂದರಂತೆ ಆರು ಗರ್ಡರ್, ಎರಡೂ ಕಡೆ ಸೈಜುಗಲ್ಲಿನ ಗೋಡೆ ಮೇಲೆ ಅರ್ಧರ್ಧ ಅಡಿ ಕೂರಬೇಕು, ಅದಕ್ಕೆ 21 ಅಡಿ ಉದ್ದ ಬೇಕು. ಸೈಜು ಐಎಸ್‌ಎಂಬಿ 250, ಅಂದರೆ 250 ಮಿಲಿಮೀಟರ್ ಎತ್ತರದ, ಇಂಗ್ಲಿಷಿನ ಐ ಅಕ್ಷರದ ಆಕಾರದ ಐ ಬೀಮ್. ಅದರ ಮೇಲೆ ಎರಡೂವರೆ ಅಡಿಗೊಂದು 100 ಮಿಲಿಮೀಟರಿನ ಚಾನೆಲ್, ಅಂದರೆ ಸಿ ಆಕಾರದ ಕಬ್ಬಿಣ, ಉದ್ದಕ್ಕೆ. ಅದರ ಮೇಲೆ ದಬ್ಬೆ. ಎಲ್ಲ ಸೇರಿ ಎರಡೂವರೆ ಟನ್ ಹತ್ತಿರ ಕಬ್ಬಿಣ.

ಮೊದಲು ಹೊಸದಕ್ಕೇ ಹೋಗಿದ್ದು. ಕೆಜಿಗೆ 62 ರೂಪಾಯಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಂದು ಅಂಗಡಿಯವರು "ಲೈಟ್ ವೆಯ್ಟ್ ಬೇಕಾ, ಫುಲ್ ವೆಯ್ಟ್ ಬೇಕಾ?" ಅಂತ ಕೇಳಿದರು. ನನಗೆ ಅರ್ಥ ಆಗಲಿಲ್ಲ. ಐಎಸ್‌ಎಂಬಿ 250 ಅಂದರೆ ಮೀಟರಿಗೆ 37.3 ಕೆಜಿ ಇರಬೇಕು, ಅದು ಪುಸ್ತಕದ ಲೆಕ್ಕ. ಅದರಲ್ಲೂ ಲೈಟು ಫುಲ್ಲು ಅಂತ ಇದೆಯಂತೆ! ಭಾವಮೈದನಿಗೆ ಫೋನ್ ಮಾಡಿದರೆ ಅವನು ನಕ್ಕ. "ಭಾವ, ಹಳೇ ಕಾರ್ಖಾನೆ ಒಡೆಯೋ ಕಡೆ ಸಿಗೋ ಗರ್ಡರ್ ಇದಕ್ಕಿಂತ ನಿಯತ್ತಾಗಿರುತ್ತೆ, ನೋಡ್ತೀರಾ?" ಅಂದ. ಹಾಗೆ ಶುರುವಾಯಿತು.

ಇನ್ನು ಯಾರ್ಡಿಗೆ ಬರೋಣ. ಬೆಂಗಳೂರಿನಲ್ಲಿ ಗುಜರಿಗೇನು ಬರ. ಆದರೆ ಮುಕ್ಕಾಲು ಪಾಲು ಗುಜರಿಯವರು ಗರ್ಡರ್ ಬಂದ ತಕ್ಷಣ ಮಾಡೋದು ಒಂದೇ ಕೆಲಸ, ಗ್ಯಾಸ್ ಕಟ್ಟರ್ ಹಿಡಿದು ಮೂರು ಮೂರು ಅಡಿಗೆ ತುಂಡು ಮಾಡೋದು. ಕುಲುಮೆಯವರಿಗೆ ಆ ಅಳತೆಯ ತುಂಡೇ ಬೇಕು, ಲಾರಿಗೂ ಚೆನ್ನಾಗಿ ತುಂಬುತ್ತೆ, ದುಡ್ಡೂ ಅವತ್ತೇ ಕೈಗೆ ಬರುತ್ತೆ. ಇನ್ನೂ ಐವತ್ತು ವರ್ಷ ಭಾರ ಹೊರಬಲ್ಲ ಗರ್ಡರು ಹತ್ತು ನಿಮಿಷದಲ್ಲಿ ಕೆಜಿಗೆ ಮೂವತ್ತು ಮೂವತ್ತೈದರ ಸ್ಕ್ರಾಪ್ ಆಗಿಬಿಡುತ್ತೆ. ನಾನು ಹೋದ ಮೊದಲ ಮೂರು ಕಡೆ ಇದೇ ಕಥೆ. ಒಬ್ಬರಂತೂ "ಉದ್ದದ್ದು ಯಾಕ್ ಬೇಕು ಸಾರ್, ತುಂಡು ಸೇರಿಸಿ ವೆಲ್ಡಿಂಗ್ ಮಾಡ್ಸಿ" ಅಂತ ಸಲಹೆ ಬೇರೆ ಕೊಟ್ಟರು.

ಈ ಯಾರ್ಡಿನ ಭಾಯ್ ಹಾಗಲ್ಲ. ಇವರು ಉದ್ದಕ್ಕೆ ಹಾಗೇ ಇಡುತ್ತಾರೆ. ಬಿಚ್ಚುವ ಕೆಲಸವನ್ನೂ ಇವರ ಹುಡುಗರೇ ಮಾಡುತ್ತಾರೆ. ಬೋಲ್ಟು ಬಿಚ್ಚಿ, ಹೈಡ್ರಾದಲ್ಲಿ, ಅಂದರೆ ಓಡಾಡೋ ಕ್ರೇನಿನಲ್ಲಿ ಇಳಿಸಿ, ನೆಲಕ್ಕೆ ತಾಗದ ಹಾಗೆ ಮರದ ದಿಮ್ಮಿ ಮೇಲೆ ಜೋಡಿಸುತ್ತಾರೆ. ಇದಕ್ಕೆ ಸಮಯ ಹಿಡಿಯುತ್ತೆ, ಜಾಗ ಹಿಡಿಯುತ್ತೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಬಳಪದ ಬರಹ. ಪ್ರತಿ ರಾಶಿಯ ಮೊದಲ ಗರ್ಡರಿನ ಮೇಲೆ ಬಿಳಿ ಬಳಪದಲ್ಲಿ ಎಲ್ಲಿಂದ ಬಂತು, ಯಾವ ಕಾಲದ್ದು ಅಂತ ಬರೆದಿರುತ್ತಾರೆ. "ಪ್ರೆಸ್ ಶೆಡ್ 92". "ದಾರದ ಮಿಲ್". "ಕಲ್ಯಾಣ ಮಂಟಪ, ಊಟದ ಹಾಲ್". ಮಳೆಗೆ ಅಳಿಸಿದರೆ ಮತ್ತೆ ಬರೆಯುತ್ತಾರಂತೆ. ನಾನು ಸುಮ್ನೆ ತಮಾಷೆಗೆ "ಏನ್ ಭಾಯ್, ಕಬ್ಬಿಣಕ್ಕೂ ಜಾತಕನಾ?" ಅಂದೆ. ಅವರು ನಗಲಿಲ್ಲ. "ಹುಡುಗಿ ನೋಡೋಕೆ ಹೋದಾಗ ಊರು ಕೇಳಲ್ವಾ ಸಾರ್ ನೀವು?" ಅಂದರು.

ನಮಗೆ ಆಗಿಬಂದಿದ್ದು ಆ "ಪ್ರೆಸ್ ಶೆಡ್ 92" ರಾಶಿಯೇ. 1992ರಲ್ಲಿ ಕಟ್ಟಿದ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಶೆಡ್ಡು, ಒಳಗೆ ಪೇಪರ್ ರೀಲು ಇಡಲು ಮಾಡಿದ್ದ ಅಟ್ಟದ ಗರ್ಡರುಗಳು. ಜಾಗ ಅಪಾರ್ಟ್‌ಮೆಂಟಿಗೆ ಹೋಯಿತು, ಶೆಡ್ಡು ಇಲ್ಲಿಗೆ ಬಂತು. 92 ಅಂತ ಹೇಗೆ ಗೊತ್ತು ಅಂದೆ. ಭಾಯ್ ಎದ್ದು ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬ ತಂದರು. ಅದರಲ್ಲಿ ಮಡಿಕೆ ಬಿದ್ದು ಹರಿದ, ನೀಲಿ ಗೆರೆಯ ಹಳೇ ಡ್ರಾಯಿಂಗು. ಮೂಲೆಯಲ್ಲಿ ತಾರೀಖು, ಗರ್ಡರಿನ ಸೈಜು, ಎಷ್ಟು ಭಾರಕ್ಕೆ ಮಾಡಿದ್ದು ಅನ್ನೋ ಟಿಪ್ಪಣಿ. ಕಟ್ಟಡ ಒಡೆಯೋಕೆ ಹೋದಾಗ ಆಫೀಸಿನ ಬೀರುವಿನಲ್ಲಿ ಇಂಥವು ಬಿದ್ದಿರುತ್ತವೆ, ಎಲ್ಲರೂ ರದ್ದಿಗೆ ಹಾಕುತ್ತಾರೆ, ಇವರು ಎತ್ತಿಟ್ಟುಕೊಳ್ಳುತ್ತಾರೆ. ಭಾವಮೈದ ಆ ಕಾಗದವನ್ನು ನೋಡಿದ ರೀತಿ ನೋಡಬೇಕಿತ್ತು. ನಾನು ಗರ್ಡರ್ ನೋಡುತ್ತಿದ್ದೆ, ಅವನು ಗರ್ಡರ್ ಕಡೆ ತಿರುಗಿಯೂ ನೋಡದೆ ಹತ್ತು ನಿಮಿಷ ಕಾಗದವನ್ನೇ ಓದಿದ.

ದಾರಿಯಲ್ಲಿ ಅವನು ಹೇಳಿದ್ದು. ಇಂಗ್ಲೆಂಡಿನಲ್ಲಿ 2019ರಲ್ಲಿ ಹಳೇ ಉಕ್ಕು ಮತ್ತೆ ಬಳಸೋದಕ್ಕೇ ಅಂತ ಒಂದು ಮಾರ್ಗಸೂಚಿ ಬಂದಿದೆ, ಅಲ್ಲಿನ ಸ್ಟೀಲ್ ಕನ್ಸ್‌ಟ್ರಕ್ಷನ್ ಇನ್‌ಸ್ಟಿಟ್ಯೂಟ್‌ನದ್ದು, ಪಿ 427 ಅಂತ ಅದರ ನಂಬರು. 1970ರ ನಂತರ ಕಟ್ಟಿದ ಕಟ್ಟಡದ ಉಕ್ಕಿಗೆ ಅದು ಅನ್ವಯ. ಒಂದೇ ಕಟ್ಟಡದಿಂದ ಬಂದ ಒಂದೇ ಸೈಜಿನವನ್ನು ಒಂದು ಗುಂಪು ಮಾಡು, ಗುಂಪಿಗೆ ಇಷ್ಟು ಅಂತ ಪರೀಕ್ಷೆ ಮಾಡು, ಪದೇ ಪದೇ ಅದುರೋ ಭಾರ ಹೊತ್ತಿದ್ದನ್ನು ದೂರ ಇಡು, ಬೆಂಕಿ ಕಂಡಿದ್ದನ್ನು ಮುಟ್ಟಬೇಡ, ಹೀಗೆ. ನಮ್ಮ ಭಾಯ್ ಆ ಪುಸ್ತಕ ಓದಿಲ್ಲ, ಓದೋದೂ ಇಲ್ಲ. ಆದರೆ ಬಳಪ ಹಿಡಿದು ರಾಶಿ ರಾಶಿ ಬೇರೆ ಇಡೋದರಲ್ಲಿ ಅದರ ಮೊದಲ ಅಧ್ಯಾಯ ಮುಗಿಸಿಬಿಟ್ಟಿದ್ದಾರೆ ಅಂತ ಭಾವಮೈದನ ಅಭಿಪ್ರಾಯ. ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಎರಡು ತುಂಡು ಪರೀಕ್ಷೆ ಸಾಕು. ಗೊತ್ತಿಲ್ಲದ ಮಿಶ್ರ ರಾಶಿ ಆದರೆ ಒಂದೊಂದನ್ನೂ ಪರೀಕ್ಷೆ ಮಾಡಬೇಕು, ಆಗ ಹೊಸದೇ ಅಗ್ಗ. ಇಲ್ಲಿ ನಾವು ದುಡ್ಡು ಕೊಡೋದು ಕಬ್ಬಿಣಕ್ಕಿಂತ ಜಾಸ್ತಿ ಆ ಬಳಪದ ಬರಹಕ್ಕೆ.

ಆರಿಸೋಕೆ ಒಂದು ಇಡೀ ದಿನ ಹಿಡಿಯಿತು. ಭಾಯ್ ಬೇಸರ ಮಾಡಿಕೊಳ್ಳಲಿಲ್ಲ, ಎರಡು ಸಲ ಟೀ ತರಿಸಿದರು. ಮೊದಲು ದಾರ ಕಟ್ಟಿ ನೋಡಿದೆವು. ಗರ್ಡರಿನ ಈ ತುದಿಯಿಂದ ಆ ತುದಿಗೆ ದಾರ ಬಿಗಿದರೆ ನಡುವೆ ಜೋತು ಬಿದ್ದಿದ್ದರೆ ಕಂಡೇ ಬಿಡುತ್ತೆ. ಒಂಬತ್ತರಲ್ಲಿ ಎರಡು ಸೊಟ್ಟ, ಪಕ್ಕಕ್ಕೆ. ಇಳಿಸುವಾಗ ಬಿದ್ದಿರಬೇಕು. ಆಮೇಲೆ ಸುತ್ತಿಗೆ. ತುಕ್ಕಿನ ಪದರ ಎದ್ದ ಕಡೆ ಬಡಿದರೆ ಡಬ್ ಅನ್ನುತ್ತೆ, ಚೂರು ಚೂರು ಉದುರುತ್ತೆ, ಗಟ್ಟಿ ಇರೋ ಕಡೆ ಟಣ್ ಅಂತ ತೋಳಿನವರೆಗೂ ಬರುತ್ತೆ. ಉದುರಿಸಿ ಆದಮೇಲೆ ದಪ್ಪ ಅಳೆಯೋ ವರ್ನಿಯರ್ ಹಿಡಿದು ಅಳೆದೆವು. ಐಎಸ್‌ಎಂಬಿ 250ಕ್ಕೆ ನಡುವಿನ ತಟ್ಟೆ, ಅಂದರೆ ವೆಬ್ಬು, 6.9 ಮಿಲಿಮೀಟರ್ ಇರಬೇಕು, ಮೇಲಿನ ಕೆಳಗಿನ ಅಡ್ಡ ಪಟ್ಟಿ, ಅಂದರೆ ಫ್ಲೇಂಜು, 12.5. ನಮಗೆ ಸಿಕ್ಕಿದ್ದು ವೆಬ್ಬು 6.7, 6.8, ಫ್ಲೇಂಜು ಒಂದೆರಡು ಕಡೆ 12. ಮೂವತ್ತು ವರ್ಷಕ್ಕೆ ಇಷ್ಟೇ ತಿಂದಿರೋದು. ಒಳಗಿದ್ದ ಕಬ್ಬಿಣ ಅಲ್ವಾ, ಮಳೆ ಕಂಡಿಲ್ಲ. ಮಳೆ ನೀರು ಸೋರುತ್ತಿದ್ದ ಮೂಲೆಯ ಒಂದು ಗರ್ಡರಿನಲ್ಲಿ ಮಾತ್ರ ವೆಬ್ಬು ಕೆಳಗಡೆ 5ಕ್ಕೆ ಇಳಿದಿತ್ತು. ಅದನ್ನು ಭಾಯ್‌ಗೇ ತೋರಿಸಿದೆವು, ಅವರು ಮರುಮಾತಾಡದೆ ಅದರ ಮೇಲೆ ಬಳಪದಲ್ಲಿ ದೊಡ್ಡ ಇಂಟು ಹಾಕಿ ಸ್ಕ್ರಾಪಿನ ಕಡೆ ತಳ್ಳಿಸಿದರು. ಒಂಬತ್ತರಲ್ಲಿ ಮೂರು ಹೋದರೆ ನಮಗೆ ಬೇಕಾದ ಆರೇ ಉಳಿಯಿತು. ಅದೃಷ್ಟ.

ತೂತುಗಳ ವಿಷಯ ನನಗೆ ಗೊತ್ತಿರಲಿಲ್ಲ. ಹಳೇ ಗರ್ಡರ್ ಅಂದಮೇಲೆ ಬೋಲ್ಟಿನ ತೂತು ಇದ್ದೇ ಇರುತ್ತೆ. ತುದಿಯಲ್ಲಿದ್ದರೆ ಚಿಂತೆ ಇಲ್ಲ. ಆದರೆ ಉದ್ದದ ನಡುವೆ, ಕೆಳಗಿನ ಫ್ಲೇಂಜಿನಲ್ಲಿ ಇದ್ದರೆ ತೊಂದರೆ, ಭಾರ ಬಿದ್ದಾಗ ಜಾಸ್ತಿ ಎಳೆತ ಬೀಳೋದು ಅಲ್ಲೇ. ನಮ್ಮ ಎರಡು ಗರ್ಡರಿಗೆ ನಡುವೆ ನಾಲ್ಕು ತೂತು ಇತ್ತು. ಭಾವಮೈದ ಅವನ್ನು ಮಗುಚಿ ಹಾಕಿಸಿದ, ತೂತಿನ ಕಡೆ ಮೇಲೆ ಬರೋ ಹಾಗೆ. ಇಷ್ಟೇ. ನಾನಾಗಿದ್ದರೆ ದುಡ್ಡು ಕೊಟ್ಟು ವೆಲ್ಡರ್ ಕೈಲಿ ತೂತು ತುಂಬಿಸಿ ಇನ್ನೂ ಹಾಳು ಮಾಡುತ್ತಿದ್ದೆ.

ಪರೀಕ್ಷೆಗೆ ಎರಡು ಗರ್ಡರಿನ ತುದಿಯಿಂದ ಅಂಗೈ ಅಗಲದ ತುಂಡು ಕತ್ತರಿಸಿ ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಕೊಟ್ಟೆವು. ತುಂಡು ಕತ್ತರಿಸೋಕೆ ಭಾಯ್ ದುಡ್ಡು ಕೇಳಲಿಲ್ಲ, ಐದು ಸಾವಿರ ಅಡ್ವಾನ್ಸ್ ತೆಗೆದುಕೊಂಡು ಎರಡು ವಾರ ಗರ್ಡರ್ ಹಿಡಿದಿಟ್ಟರು. ಇದು ದೊಡ್ಡ ಮಾತು. ಲ್ಯಾಬಿನವರು ಆ ತುಂಡನ್ನು ಮೂಳೆ ಆಕಾರಕ್ಕೆ ಕಡೆದು, ಮಷಿನ್ನಿನ ಎರಡು ದವಡೆಗೆ ಕಚ್ಚಿಸಿ ಹರಿಯೋವರೆಗೂ ಎಳೆಯುತ್ತಾರೆ. ಐಎಸ್ 2062 ಅನ್ನೋ ನಮ್ಮ ಮಾನಕದ ಮಾಮೂಲಿ ಇ 250 ಉಕ್ಕು 250 ಮೆಗಾಪ್ಯಾಸ್ಕಲ್‌ವರೆಗೆ (ಇದು ಎಳೆತದ ಅಳತೆ) ಎಳೆದರೂ ಮತ್ತೆ ಮೊದಲಿನ ಉದ್ದಕ್ಕೆ ಬರಬೇಕು, ಹರಿಯೋಕೆ 410 ಆದರೂ ಬೇಕು, ಹರಿಯೋ ಮುಂಚೆ ನೂರಕ್ಕೆ 23ರಷ್ಟು ಉದ್ದ ಆಗಬೇಕು. ನಮ್ಮ ಎರಡು ತುಂಡು ಹಾಗೆ ಮೊದಲಿನ ಉದ್ದಕ್ಕೆ ಮರಳೋ ಮಿತಿ 268 ಮತ್ತು 281 ಬಂತು. ಹರಿದಿದ್ದು 430ರ ಮೇಲೆ. ಉದ್ದವೂ ಸರಿಯಾಗಿಯೇ ಆಯಿತು. ಮೂವತ್ತು ವರ್ಷ ಪೇಪರ್ ರೀಲು ಹೊತ್ತ ಉಕ್ಕು ಅದು. ಉಕ್ಕಿಗೆ ವಯಸ್ಸಾಗಲ್ಲ, ತುಕ್ಕು ಹಿಡಿಯದಿದ್ದರೆ, ಮಿತಿ ಮೀರಿ ಬಗ್ಗದಿದ್ದರೆ, ಪದೇ ಪದೇ ಅದುರದಿದ್ದರೆ ಅದು ಹುಟ್ಟಿದ ದಿನ ಇದ್ದ ಹಾಗೇ ಇರುತ್ತೆ.

ಅದುರೋದು ಅಂದೆನಲ್ಲ. ಯಾರ್ಡಿನ ಇನ್ನೊಂದು ಮೂಲೆಯಲ್ಲಿ ಒಳ್ಳೇ ದಪ್ಪದ, ಕಣ್ಣಿಗೆ ಚೆಂದ ಕಾಣೋ ಗರ್ಡರು ಅಗ್ಗಕ್ಕೆ ಇದ್ದವು. ಕಾರ್ಖಾನೆಯೊಳಗೆ ಮೇಲಿನ ಕ್ರೇನ್ ಓಡಾಡೋ ಗ್ಯಾಂಟ್ರಿಯವು. ಭಾವಮೈದ ಹತ್ತಿರವೂ ಹೋಗಲಿಲ್ಲ. ದಿನಕ್ಕೆ ನೂರು ಸಲ ಭಾರ ಬಿದ್ದು ಎದ್ದು ಬಿದ್ದು ಎದ್ದು ಆದ ಉಕ್ಕಿನೊಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು. ಇದನ್ನು ಭಾಯ್ ಕೂಡ ತಾವಾಗೇ ಹೇಳಿದರು, "ಅದು ಮನೆಗೆ ಬೇಡ ಸಾರ್, ಗೇಟಿನ ಕಂಬಕ್ಕೆ ತಗೊಂಡ್ ಹೋಗ್ತಾರೆ". ಈಗಿನ ರೆಡಿಮೇಡ್ ಶೆಡ್ಡುಗಳ ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಇರೋ ಕಂಬಗಳೂ ಇದ್ದವು. ಅವು ಬೋಲ್ಟ್ ಬಿಚ್ಚಿದರೆ ಸುಲಭವಾಗಿ ಬರುತ್ತವೆ, ಆದರೆ ಅದೇ ಅಗಲದ ಶೆಡ್ಡು ಕಟ್ಟೋರಿಗೆ ಇಡೀ ಸೆಟ್ಟು ಕೊಂಡರೆ ಮಾತ್ರ ಲಾಭ, ಬಿಡಿಯಾಗಿ ತಂದು ಏನೂ ಮಾಡೋಕಾಗಲ್ಲ. ಹಳೇ ಬೋಲ್ಟು ಮಾತ್ರ ಯಾವುದನ್ನೂ ತರಬೇಡಿ. ಬಿಗಿಯಾಗಿ ಎಳೆದು ಹಾಕಿದ ಹೈ ಟೆನ್ಸೈಲ್ ಬೋಲ್ಟು ಒಂದು ಸಲಕ್ಕೇ, ಹೊಸದಕ್ಕೆ ಎಷ್ಟು ಮಹಾ ದುಡ್ಡು.

ಇನ್ನೊಂದು ಗರ್ಡರ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬೇವಿನ ಮರದ ಕೆಳಗೆ ಒಂದೇ ಒಂದು ಬಿದ್ದಿತ್ತು, ಭಾಯ್ ಅದರ ಮೇಲೆ ಕೂತು ಊಟ ಮಾಡುತ್ತಾರೆ. ವೆಬ್ಬಿನ ಮೇಲೆ ಉಬ್ಬು ಅಕ್ಷರ. ಬೆರಳಾಡಿಸಿ ಓದಿದರೆ ಡಾರ್ಮನ್ ಲಾಂಗ್, ಇಂಗ್ಲೆಂಡ್. ಚಾಮರಾಜಪೇಟೆಯ ಹಳೇ ಮನೆಯೊಂದರ ಮದ್ರಾಸ್ ತಾರಸಿಯಿಂದ ಬಂದಿದ್ದಂತೆ. 1932ರಲ್ಲಿ ತೆರೆದ ಸಿಡ್ನಿ ಹಾರ್ಬರ್ ಸೇತುವೆ ಕಟ್ಟಿದ್ದು ಅದೇ ಕಂಪನಿ. ಕೊಡ್ತೀರಾ ಅಂದೆ. "ಅದು ಕುರ್ಚಿ ಸಾರ್, ಮಾರಲ್ಲ". ಕೊಟ್ಟಿದ್ದರೂ ಅಟ್ಟಕ್ಕೆ ಹಾಕುತ್ತಿರಲಿಲ್ಲ ಬಿಡಿ, ಅಷ್ಟು ಹಳೇ ಉಕ್ಕಿನ ಗುಣ ಬೇರೆ, ವೆಲ್ಡಿಂಗ್‌ಗೆ ಒಗ್ಗುತ್ತೋ ಇಲ್ಲವೋ ಅಂತ ಬೇರೆ ಪರೀಕ್ಷೆ ಬೇಕು.

ಈಗ ತಕರಾರು. ಮೊದಲನೆಯದು ತೂಕ. ಕಾಟಾದಲ್ಲಿ ಲಾರಿ ತೂಗಿದಾಗ ಮಾಲು 2,640 ಕೆಜಿ ಬಂತು. ಪುಸ್ತಕದ ಲೆಕ್ಕದಲ್ಲಿ 2,480ರ ಹತ್ತಿರ ಇರಬೇಕು. ಹಳೇ ಕಬ್ಬಿಣ ತುಕ್ಕು ತಿಂದು ಕಡಿಮೆ ಆಗಬೇಕು ತಾನೇ, ಜಾಸ್ತಿ ಹೇಗಾಯಿತು? ನೋಡಿದರೆ ತುದಿಗಳಲ್ಲಿ ಕಾಂಕ್ರೀಟ್ ಗಡ್ಡೆ ಹಾಗೇ ಅಂಟಿಕೊಂಡಿದೆ, ವೆಲ್ಡ್ ಮಾಡಿದ್ದ ಆಂಗಲ್ ತುಂಡು, ಬೇಸ್ ಪ್ಲೇಟು ಎಲ್ಲ ಇದೆ. ಕಾಂಕ್ರೀಟಿಗೆ ಕೆಜಿಗೆ 46 ರೂಪಾಯಿ ಕೊಡೋಕೆ ನನಗೇನು ಹುಚ್ಚೇ. ಸ್ವಲ್ಪ ಜೋರಾಗೇ ಮಾತಾಯಿತು. ಕೊನೆಗೆ ಇಳಿಸಿ, ಬಡಿದು, ಗ್ಯಾಸಿನಲ್ಲಿ ಕತ್ತರಿಸಿ, ಮತ್ತೆ ತೂಗಿಸಿದರೆ 2,510. ಮೂರು ಗಂಟೆ ದಂಡ. ನೀವು ಹೋದರೆ ಲೋಡ್ ಮಾಡೋ ಮುಂಚೆಯೇ ಇದನ್ನು ಮಾಡಿಸಿ, ಮೀಟರ್ ಲೆಕ್ಕದಲ್ಲಿ ತೂಕ ಎಷ್ಟು ಬರಬೇಕು ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಎರಡನೆಯದು ನಿಜವಾಗಿ ಸಿಟ್ಟು ಬರಿಸಿದ್ದು, ಒಂದು ನಂಬರು ಕಳೆದಿದ್ದು ಇದಕ್ಕೇ. ಮಾಲು ತೋಟಕ್ಕೆ ಬಂದು ಇಳಿಯಿತು. ಹುಡುಗರು ವೈರ್ ಬ್ರಷ್ಷಿನಲ್ಲಿ ಬಣ್ಣ ಕೆರೆಯುತ್ತಿದ್ದರು. ಐದನೇ ಗರ್ಡರಿನ ಹತ್ತಿರ ಬಂದಾಗ ಒಬ್ಬ ಕರೆದ. ತುದಿಯಿಂದ ಏಳು ಅಡಿಗೆ, ಬೂದು ಬಣ್ಣದ ಕೆಳಗೆ, ಮೇಲಿಂದ ಕೆಳಗೆ ಒಂದು ಸಣ್ಣ ಏರು ಗೆರೆ. ಗ್ರೈಂಡರ್ ಹಿಡಿದರೆ ಪೂರ್ತಿ ಕಂಡಿತು. ಜಾಯಿಂಟು. ಎರಡು ತುಂಡು ಸೇರಿಸಿ ವೆಲ್ಡ್ ಮಾಡಿದ್ದಾರೆ, ಮೇಲೆ ಚೆನ್ನಾಗಿ ತೇದು ಬಣ್ಣ ಬಳಿದಿದ್ದಾರೆ. ಜಾಯಿಂಟಿಗೆ ಬಲ ಕೊಡೋಕೆ ಪಕ್ಕಕ್ಕೆ ಒಂದು ಪಟ್ಟಿ ಕೂಡ ಇಟ್ಟಿಲ್ಲ. ಒಳಗೆ ವೆಲ್ಡಿಂಗ್ ಎಷ್ಟು ಆಳ ಹೋಗಿದೆ ಅಂತ ಯಾರಿಗೆ ಗೊತ್ತು. ಯಾರ್ಡಿನಲ್ಲಿ ಇಡೀ ದಿನ ಸುತ್ತಿಗೆ ಹಿಡಿದು ಓಡಾಡಿದ ನಮ್ಮಿಬ್ಬರ ಕಣ್ಣಿಗೂ ಇದು ಬಿದ್ದಿರಲಿಲ್ಲ.

ಫೋಟೋ ಕಳಿಸಿ ಫೋನ್ ಮಾಡಿದೆ. ಭಾಯ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇದು 92ರಲ್ಲೇ ಆಗಿರೋದು ಸಾರ್, ಬಣ್ಣ ಹಳೇದು ನೋಡಿ" ಅಂದರು. ಇರಬಹುದು. ಅವರೇ ಮಾಡಿಸಿದ್ದು ಅಂತ ನಾನೂ ಹೇಳಲ್ಲ. ಆದರೆ ಮಾರೋರು ನೋಡಬೇಕಲ್ವಾ? ಬದಲಿ ಕೊಡುತ್ತೇನೆ ಅಂದರು, ಕೊಟ್ಟರು ಕೂಡ. ಆದರೆ ಆ ಸೈಜಿನದು ಇನ್ನೊಂದು ಬರೋಕೆ 11 ದಿನ ಹಿಡಿಯಿತು, ಲಾರಿ ಬಾಡಿಗೆ ಅರ್ಧ ನನ್ನ ತಲೆಗೆ, ಅಷ್ಟೂ ದಿನ ವೆಲ್ಡರ್ ಬೇರೆ ಕೆಲಸಕ್ಕೆ ಹೊರಟುಹೋದ. ಬದಲಿ ಗರ್ಡರು ಬೇರೆ ಕಟ್ಟಡದ್ದು, ಅದಕ್ಕೆ ಮತ್ತೆ ಒಂದು ಪರೀಕ್ಷೆ.

ಅಪ್ಪ ಈ ಸಂದರ್ಭಕ್ಕೇ ಕಾಯುತ್ತಿದ್ದರು. "ಗುಜರಿ ಕಬ್ಬಿಣ ನಂಬ್ಕೊಂಡು ವರ್ಷದ ಫಸಲು ಹೇರ್ತೀಯೇನೋ?" ಅಂತ ಮೊದಲ ದಿನವೇ ಕೇಳಿದ್ದರು, ಈಗ ಏನೂ ಹೇಳದೆ ಜಾಯಿಂಟಿನ ಹತ್ತಿರ ನಿಂತು ನನ್ನ ಮುಖ ನೋಡಿದರು. ಅದು ಬೈಯೋದಕ್ಕಿಂತ ಕಷ್ಟ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಯಾರ್ಡಿನವರು ಹೇಳಲ್ಲ. ಹಳೇ ಕಬ್ಬಿಣದ ಕೆಳಪದರದ ಕೇಸರಿ ಬಣ್ಣ ಎಷ್ಟೋ ಸಲ ರೆಡ್ ಲೆಡ್, ಸಿಂಧೂರದ ಬಣ್ಣ, ಅಂದರೆ ಸೀಸ. ಮನೆಗೆ ಬಳಸೋ ಬಣ್ಣದಲ್ಲಿ ಸೀಸಕ್ಕೆ ನಮ್ಮಲ್ಲಿ ಕಟ್ಟುನಿಟ್ಟಿನ ಮಿತಿ ಬಂದಿದ್ದೇ 2017ರ ನವೆಂಬರಿನಿಂದ. ಅದರ ಮೇಲೆ ಗ್ಯಾಸ್ ಕಟ್ಟರ್ ಹಿಡಿದರೆ ಆ ಹೊಗೆ ನೇರ ಎದೆಗೆ. ನಮ್ಮ ಹುಡುಗರಿಗೆ ಮಾಸ್ಕ್ ಕೊಟ್ಟೆ, ಕತ್ತರಿಸೋ ಕಡೆ ಮೊದಲು ಬಣ್ಣ ಕೆರೆಸಿದೆ, ಕೆರೆದ ಪುಡಿ ಟಾರ್ಪಾಲಿನ ಮೇಲೆ ಬೀಳಿಸಿ ಕಟ್ಟಿಟ್ಟೆ. ತೋಟದಲ್ಲಿ ಹಸು ಮೇಯುತ್ತವೆ, ಕೊಬ್ಬರಿ ತಿನ್ನೋ ಪದಾರ್ಥ, ಅದಕ್ಕೆ ಗರ್ಡರಿನ ಮೇಲೆ ಹೊಸ ಪ್ರೈಮರ್, ಅದರ ಮೇಲೆ ಎರಡು ಕೋಟ್ ಬಣ್ಣ. ಕಾಯಿ ಎಲ್ಲೂ ಕಬ್ಬಿಣಕ್ಕೆ ತಾಗೋದಿಲ್ಲ, ನಡುವೆ ದಬ್ಬೆ ಇದೆ.

ದುಡ್ಡಿನ ಲೆಕ್ಕ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಯಾಕೆಂದರೆ ಹಳೇದು ಅಂದರೆ ಅರ್ಧಕ್ಕರ್ಧ ಉಳಿತಾಯ ಅಂತ ಎಲ್ಲರೂ ತಿಳಿದಿರುತ್ತಾರೆ. 2,510 ಕೆಜಿಗೆ 46ರಂತೆ, ಜಿಎಸ್‌ಟಿ ಸೇರಿ 1,36,000 ಆಯಿತು. ಬಿಲ್ ಕೇಳಿದ್ದಕ್ಕೆ ಮೊದಲು ಮುಖ ಸಿಂಡರಿಸಿದರು, ಆಮೇಲೆ ಕೊಟ್ಟರು. ಹೊಸದಾಗಿದ್ದರೆ ಇದೇ ತೂಕಕ್ಕೆ 1,83,000 ದಾಟುತ್ತಿತ್ತು. ಅಂದರೆ 47 ಸಾವಿರ ಉಳಿಯಿತು ಅನ್ನಿ. ಅದರಲ್ಲಿ ಮೂರು ಪರೀಕ್ಷೆಗೆ ಏಳೂವರೆ ಸಾವಿರ, ಕೆರೆಯೋಕೆ ಕತ್ತರಿಸೋಕೆ 14 ಸಾವಿರ, ಬದಲಿ ಗರ್ಡರಿನ ಬಾಡಿಗೆ ಅದೂ ಇದೂ ಅಂತ ನಾಲ್ಕು ಸಾವಿರ ಹೋಯಿತು. ಕೈಯಲ್ಲಿ ನಿಂತಿದ್ದು 22 ಸಾವಿರದ ಹತ್ತಿರ. ನನ್ನ ಓಡಾಟ ಲೆಕ್ಕಕ್ಕಿಲ್ಲ. ಬರೀ ದುಡ್ಡಿಗೋಸ್ಕರ ಆದರೆ ಇಷ್ಟು ತಲೆನೋವು ಬೇಕಾ ಅಂತ ಕೇಳಿದರೆ, ಸಣ್ಣ ಕೆಲಸಕ್ಕೆ ಬೇಡ ಅಂತಲೇ ಹೇಳುತ್ತೇನೆ.

ಆದರೆ ನನಗೆ ಇನ್ನೊಂದು ಲೆಕ್ಕವೂ ಇತ್ತು. ಒಂದು ಟನ್ ಹೊಸ ಉಕ್ಕು ಮಾಡೋಕೆ ಜಗತ್ತಿನ ಸರಾಸರಿಯಲ್ಲೇ ಎರಡು ಟನ್ ಹತ್ತಿರ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತೆ, ನಮ್ಮ ದೇಶದಲ್ಲಿ ಇನ್ನೂ ಜಾಸ್ತಿ. ಅದಿರಿನಿಂದ ಆಮ್ಲಜನಕ ಕೀಳೋಕೆ ಹೆಚ್ಚಾಗಿ ಕಲ್ಲಿದ್ದಲನ್ನೇ ಸುಡುತ್ತಾರೆ. ಭದ್ರಾವತಿಯಲ್ಲಿ 1923ರಲ್ಲಿ ಕುಲುಮೆ ಹೊತ್ತಿಸಿದಾಗ ಅದಕ್ಕೆ ಹಾಕಿದ್ದು ಮಲೆನಾಡಿನ ಕಾಡಿನ ಸೌದೆಯ ಇದ್ದಿಲು. ಅಂತೂ ಏನೋ ಒಂದು ಉರಿಯಲೇಬೇಕು. ಗುಜರಿಯನ್ನು ಕರಗಿಸಿ ಹೊಸದು ಮಾಡೋದು ಅದಕ್ಕಿಂತ ಎಷ್ಟೋ ವಾಸಿ, ಒಪ್ಪುತ್ತೇನೆ. ಆದರೂ ಉಕ್ಕು ನೀರಾಗಬೇಕಾದರೆ 1,500 ಡಿಗ್ರಿ ಕಾಯಬೇಕು, ಆ ಕರೆಂಟು ಎಲ್ಲಿಂದ ಬರುತ್ತೆ? ನಮ್ಮ ಎರಡೂವರೆ ಟನ್ನಿಗೆ ಉರಿದಿದ್ದು ಲಾರಿಯ ಡೀಸೆಲ್ಲು, ಕಟ್ಟರಿನ ಗ್ಯಾಸು, ಗ್ರೈಂಡರಿನ ಕರೆಂಟು ಅಷ್ಟೇ. ಇದು ಬಡವರ ಜುಗಾಡ್ ಅಂತ ಯಾರಾದರೂ ಮೂಗು ಮುರಿದರೆ ಲಂಡನ್ನಿನ ಕಡೆ ತೋರಿಸಿ. ಅಲ್ಲಿ 2002ರಲ್ಲಿ ಮುಗಿದ ಬೆಡ್‌ಜೆಡ್ ಅನ್ನೋ ಬಡಾವಣೆಗೆ 98 ಟನ್ ಹಳೇ ಉಕ್ಕು ಹಾಕಿದ್ದಾರೆ, ಒಂದಷ್ಟು ಬ್ರೈಟನ್ ರೈಲು ನಿಲ್ದಾಣದಿಂದ ಬಂದಿದ್ದು. 2012ರ ಒಲಿಂಪಿಕ್ ಸ್ಟೇಡಿಯಮ್ಮಿನ ಚಾವಣಿ ಹೊರೋ ಚೌಕಟ್ಟಿಗೆ, ಅಂದರೆ ಟ್ರಸ್ಸಿಗೆ, 2,500 ಟನ್ ಗ್ಯಾಸ್ ಪೈಪು ಬಳಸಿದ್ದಾರೆ, ಬೇರೆ ಕೆಲಸಕ್ಕೆ ಅಂತ ಮಾಡಿ ಮಿಕ್ಕಿದ್ದು.

ಕೂರಿಸೋ ಕೆಲಸ ಎರಡು ದಿನದಲ್ಲಿ ಆಯಿತು. ಹೈಡ್ರಾ ತೋಟದೊಳಗೆ ಬರಲಿಲ್ಲ, ಚೈನ್ ಪುಲ್ಲಿಯಲ್ಲೇ ಎತ್ತಿದೆವು. ಒಂದೊಂದು ಗರ್ಡರು ಇನ್ನೂರ ನಲವತ್ತು ಕೆಜಿ. ಚಾನೆಲ್ಲನ್ನು ಗರ್ಡರಿಗೆ ವೆಲ್ಡ್ ಮಾಡಿಸಲಿಲ್ಲ, ಫ್ಲೇಂಜನ್ನು ಕಚ್ಚಿ ಹಿಡಿಯೋ ಕ್ಲಾಂಪು ಹಾಕಿ ಬೋಲ್ಟ್ ಬಿಗಿದೆವು. ಹೊಸ ತೂತೂ ಇಲ್ಲ, ಬೇಕಾದಾಗ ಸ್ಪ್ಯಾನರ್ ಹಿಡಿದು ಬಿಚ್ಚಬಹುದು. ವೆಲ್ಡರ್‌ಗೆ ಇದು ಇಷ್ಟ ಆಗಲಿಲ್ಲ, ಅವನ ಕೂಲಿ ಕಡಿಮೆ ಆಯಿತು. ಇಡೀ ಅಟ್ಟ ಸಿದ್ಧ ಆದಮೇಲೆ ಅಪ್ಪ ಮಚ್ಚಿನ ಹಿಂಭಾಗದಿಂದ ಆರೂ ಗರ್ಡರನ್ನು ಒಂದೊಂದಾಗಿ ಬಡಿದು ಕಿವಿ ಕೊಟ್ಟು ಕೇಳಿಸಿಕೊಂಡರು. ಆಮೇಲೆ ಏಣಿ ಹತ್ತಿ ನಡುವೆ ಹೋಗಿ ಕೂತರು. ಏನೂ ಹೇಳಲಿಲ್ಲ. ಮಾರನೇ ದಿನ ಕಾಯಿ ಏರಿಸೋಕೆ ಆಳುಗಳಿಗೆ ಹೇಳಿಕಳಿಸಿದರು. 20 ಸಾವಿರ ಕಾಯಿ ಬಿದ್ದ ಮೇಲೆ ದಾರ ಕಟ್ಟಿ ನೋಡಿದರೆ ನಡುವೆ 13 ಮಿಲಿಮೀಟರ್ ಇಳಿದಿತ್ತು. ಭಾವಮೈದ ಕಾಗದದಲ್ಲಿ 15 ಅಂತ ಬರೆದಿದ್ದ.

ಹೋಗೋರಿಗೆ: ಬೆಳಿಗ್ಗೆ ಹತ್ತರೊಳಗೆ ಹೋಗಿ, ಮಧ್ಯಾಹ್ನ ಕಬ್ಬಿಣ ಮುಟ್ಟೋಕಾಗಲ್ಲ ಬಿಸಿಗೆ. ಶುಕ್ರವಾರ ಮಧ್ಯಾಹ್ನ ಭಾಯ್ ಇರಲ್ಲ. ವೈರ್ ಬ್ರಷ್ಷು, ಸುತ್ತಿಗೆ, ವರ್ನಿಯರ್, ದಾರ ನೀವೇ ಒಯ್ಯಿರಿ, ಮತ್ತೆ ನಾವು ಮಾಡದೇ ಇದ್ದ ಕೆಲಸ ಮಾಡಿ, ಪ್ರತಿ ಗರ್ಡರಿಗೂ ಎರಡು ಅಡಿಗೊಂದು ಕಡೆ ಬಣ್ಣ ಕೆರೆದು ಜಾಯಿಂಟ್ ಹುಡುಕಿ. ಸೈಜು ಇದೇ ಬೇಕು ಅಂತ ಹಟ ಹಿಡಿದರೆ ಸಿಗಲ್ಲ, ಇರೋದನ್ನು ನೋಡಿ ಇಂಜಿನಿಯರ್ ಹತ್ತಿರ ಲೆಕ್ಕ ಬದಲಾಯಿಸಿಕೊಳ್ಳೋ ತಾಳ್ಮೆ ಇದ್ದರೆ ಮಾತ್ರ ಹೋಗಿ. ಹೋದ ವಾರ ಭಾಯ್ ಫೋನ್ ಮಾಡಿದ್ದರು, ಯಾವುದೋ ಗೋಡೌನ್ ಒಡೆದರಂತೆ, 30 ಅಡಿಯ ಟ್ರಸ್ಸು ಎಂಟು ಬಂದಿದೆಯಂತೆ, ಎಲ್ಲ ಬೋಲ್ಟಿನದು, ಡ್ರಾಯಿಂಗೂ ಸಿಕ್ಕಿದೆಯಂತೆ. ನನಗೆ ಬೇಡ. ಯಾರಿಗಾದರೂ ಬೇಕಿದ್ದರೆ ಕೆಳಗೆ ಬರೆಯಿರಿ, ಅವರನ್ನು ಕೇಳಿ ನಂಬರು ಕೊಡುತ್ತೇನೆ.